ಮುಂದೆ ಇಷ್ಟು, ಹಿಂದೆ ಎಷ್ಟು? ಬೈಕ್ ಟೈರಿನ ಗಾಳಿ ಲೆಕ್ಕ

ಬಂಕಿನಲ್ಲಿ ಗಾಳಿ ಹಾಕುವ ಹುಡುಗ "ಎಷ್ಟು ಹಾಕ್ಲಿ ಸಾರ್?" ಎಂದರೆ ತುಂಬಾ ಜನ ಯೋಚನೆ ಮಾಡದೆ ಹೇಳುವುದು "ಮುಂದೆ 30, ಹಿಂದೆ 40". ಬೈಕ್ ಸ್ಪ್ಲೆಂಡರ್ ಆಗಲಿ, ಬುಲೆಟ್ ಆಗಲಿ, ಆಕ್ಟಿವಾ ಆಗಲಿ, ಒಬ್ಬರೇ ಹೋಗುತ್ತಿರಲಿ, ಹಿಂದೆ ಮೂಟೆ ಹೇರಿರಲಿ, ಉತ್ತರ ಅದೇ. ಕೆಲವರು ಅದನ್ನೂ ಹೇಳದೆ "ನೋಡಿ ಹಾಕಪ್ಪ" ಎಂದು ಮೊಬೈಲ್ ತೆಗೆಯುತ್ತಾರೆ. ಒಂದು ಗಾಲಿಗೆ ಎಷ್ಟು ಗಾಳಿ ಬೇಕು ಎನ್ನುವುದನ್ನು ತೀರ್ಮಾನಿಸುವುದು ಆ ಗಾಲಿಯ ಮೇಲೆ ಬೀಳುವ ಭಾರ. ಇದೊಂದು ತಲೆಗೆ ಹೋದರೆ ಉಳಿದ ಲೆಕ್ಕವೆಲ್ಲ ತಾನಾಗಿ ಕೂಡಿ ಬರುತ್ತದೆ.

ಮೊದಲು ನಿಮ್ಮ ಗಾಡಿಯಲ್ಲೇ ಅಂಟಿಸಿರುವ ಪಟ್ಟಿಯನ್ನು ಹುಡುಕಿ. ಬೈಕ್‌ಗಳಲ್ಲಿ ಹೆಚ್ಚಾಗಿ ಚೈನ್ ಕವರಿನ ಮೇಲೆ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರುವ ತೋಳು) ಮೇಲೆ ಇರುತ್ತದೆ. ಸ್ಕೂಟರ್‌ಗಳಲ್ಲಿ ಸೀಟ್ ಎತ್ತಿದರೆ ಸಿಗಬಹುದು. ಗ್ರೀಸ್, ಕೆಸರು ಮೆತ್ತಿ ಅಕ್ಷರ ಕಾಣದಂತಾಗಿದ್ದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಅದರಲ್ಲಿ ಮೂರ್ನಾಲ್ಕು ಅಂಕಿಗಳಿರುತ್ತವೆ: ಮುಂದಿನ ಚಕ್ರಕ್ಕೆ, ಹಿಂದಿನ ಚಕ್ರಕ್ಕೆ ಒಬ್ಬರಿದ್ದಾಗ, ಹಿಂದಿನ ಚಕ್ರಕ್ಕೆ ಇಬ್ಬರಿದ್ದಾಗ. ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ, ಬಂಕಿನಲ್ಲಿ ಹೇಳುವುದು ಇದನ್ನೇ) ಬದಲು ಕೆಪಿಎ (ಕಿಲೋಪ್ಯಾಸ್ಕಲ್) ಲೆಕ್ಕದಲ್ಲಿ ಕೊಟ್ಟಿದ್ದರೆ 100 ಕೆಪಿಎ ಎಂದರೆ 14.5 ಪಿಎಸ್‌ಐ, 200 ಎಂದರೆ 29. ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಎಂದು ಬರೆದಿದ್ದರೆ 14.2ರಿಂದ ಗುಣಿಸಿ, 2 ಎಂದಿದ್ದರೆ 28ಕ್ಕಿಂತ ಚೂರು ಹೆಚ್ಚು.

ಟೈರಿನ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ಒಂದು ಪಿಎಸ್‌ಐ ಅಂಕಿ ಇರುತ್ತದಲ್ಲ, ಅದನ್ನು ನೋಡಿ ಗಾಳಿ ಹಾಕಿಸುವವರು ತುಂಬಾ ಮಂದಿ. ಅದು ಆ ಟೈರ್ ಹೊರಬಲ್ಲ ಗರಿಷ್ಠ ಭಾರಕ್ಕೆ ಬೇಕಾದ ಗಾಳಿ. ಪಕ್ಕದಲ್ಲೇ ಕೆ.ಜಿ. ಲೆಕ್ಕವೂ ಇರುತ್ತದೆ, ಗಮನಿಸಿ. ಟೈರ್ ಅಳತೆಯ ಕೊನೆಗೆ 47P, 55P ಎಂಬಂಥ ಗುರುತಿರುತ್ತದೆ. ಅದರಲ್ಲಿ 47 ಎಂದರೆ 175 ಕೆ.ಜಿ., 55 ಎಂದರೆ 218 ಕೆ.ಜಿ. ಒಂದೇ ಗಾಲಿ ಹೊರಬಲ್ಲ ಭಾರ ಇದು. ನೀವೊಬ್ಬರೇ ಕೂತ ಬೈಕಿನ ಹಿಂದಿನ ಗಾಲಿಯ ಮೇಲೆ ಬೀಳುವುದು ಇದರ ಅರ್ಧದ ಆಸುಪಾಸು ಭಾರ. ಟೈರ್ ತಯಾರಿಸಿದವರಿಗೆ ಅದು ಯಾವ ಬೈಕಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ, ಬೈಕ್ ತಯಾರಿಸಿದವರಿಗೆ ಗೊತ್ತು. ಆದ್ದರಿಂದ ನಂಬಬೇಕಾದದ್ದು ಬೈಕಿನ ಪಟ್ಟಿಯನ್ನು.

ಇಬ್ಬರಾದರೆ ಅಷ್ಟೊಂದು ಏಕೆ?

100 ಸಿಸಿ ಬೈಕೊಂದರ ಪಟ್ಟಿಯಲ್ಲಿ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 40 ಎಂದಿದೆ ಎಂದುಕೊಳ್ಳಿ. 28ರಿಂದ ಒಮ್ಮೆಲೇ 40ಕ್ಕೆ ಹಾರಿದ್ದು ಏಕೆ, ಮುಂದಿನದು 25ರಲ್ಲೇ ನಿಂತದ್ದು ಏಕೆ ಎಂದು ತುಂಬಾ ಜನ ಕೇಳುತ್ತಾರೆ. ಲೆಕ್ಕ ಹಾಕಿಯೇ ನೋಡೋಣ.

ಬೈಕಿನ ತೂಕ ಸುಮಾರು 112 ಕೆ.ಜಿ., ಓಡಿಸುವವರು 65 ಕೆ.ಜಿ. ಒಟ್ಟು 177. ಇದರಲ್ಲಿ ಹಿಂದಿನ ಗಾಲಿಯ ಪಾಲು ಸುಮಾರು 100 ಕೆ.ಜಿ. 28 ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರ್ ಗಾಳಿ ಹತ್ತಿರ ಹತ್ತಿರ 2 ಕೆ.ಜಿ. ಹೊರುತ್ತದೆ. ಹಾಗಾದರೆ 100 ಕೆ.ಜಿ. ಹೊರಲು ಟೈರ್ ಸುಮಾರು 50 ಚದರ ಸೆಂಟಿಮೀಟರ್‌ನಷ್ಟು ಚಪ್ಪಟೆಯಾಗಿ ರಸ್ತೆಗೆ ತಾಗಬೇಕು. ಒಂದು ಇಸ್ಪೀಟ್ ಎಲೆಯಷ್ಟು ಜಾಗ, ಅಷ್ಟೇ. ಬ್ರೇಕು, ತಿರುವು, ವೇಗ ಎಲ್ಲವೂ ನಡೆಯುವುದು ಆ ಎಲೆಯಷ್ಟು ರಬ್ಬರಿನ ಮೇಲೆ.

ಈಗ ಹಿಂದೆ 60 ಕೆ.ಜಿ.ಯ ಒಬ್ಬರು ಕೂರುತ್ತಾರೆ. ಹಿಂದಿನ ಸೀಟ್ ಇರುವುದು ಹಿಂದಿನ ಗಾಲಿಯ ನೆತ್ತಿಯ ಮೇಲೆ. ಹಾಗಾಗಿ ಅವರ ಭಾರ ಬಹುಪಾಲು, ಸುಮಾರು 55 ಕೆ.ಜಿ., ಅದೊಂದರ ಮೇಲೇ ಬೀಳುತ್ತದೆ. ಮುಂದಿನದಕ್ಕೆ ಅವರು ಕೂತದ್ದೇ ಗೊತ್ತಾಗುವುದಿಲ್ಲ. ಹಿಂದಿನ ಗಾಲಿಯ ಭಾರ 155 ಆಯಿತು. ಗಾಳಿ 28 ಇದ್ದರೆ ಟೈರ್ ಸುಮಾರು 79 ಚದರ ಸೆಂಟಿಮೀಟರ್ ಚಪ್ಪಟೆಯಾಗಬೇಕು. ಅಂದರೆ ಟೈರಿನ ಪಕ್ಕದ ಗೋಡೆ ಅಷ್ಟು ಹೆಚ್ಚು ಮಡಚಿಕೊಳ್ಳಬೇಕು. 40 ಮಾಡಿದರೆ 55 ಚದರ ಸೆಂಟಿಮೀಟರ್. ನೋಡಿ, ಒಬ್ಬರೇ 28ರಲ್ಲಿ ಹೋಗುವಾಗ ಟೈರ್ ಯಾವ ಆಕಾರದಲ್ಲಿತ್ತೋ ಹೆಚ್ಚುಕಡಿಮೆ ಅದೇ ಆಕಾರಕ್ಕೆ ಮರಳಿತು. ಪಟ್ಟಿಯ ಅಂಕಿಗಳ ಹಿಂದಿರುವ ಗುಟ್ಟು ಇದೇ.

ಅದೇ 40ರಲ್ಲಿ ಒಬ್ಬರೇ ಓಡಿಸಿದರೆ? ನೆಲಕ್ಕೆ ತಾಗುವುದು 36 ಚದರ ಸೆಂಟಿಮೀಟರ್. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು. ಮಣ್ಣು ಹರಡಿದ ತಿರುವಿನಲ್ಲಿ, ಮೊದಲ ಮಳೆ ಬಿದ್ದ ಡಾಂಬರಿನಲ್ಲಿ ಹಿಂದಿನ ಬ್ರೇಕ್ ತುಳಿದ ಕೂಡಲೇ ಗಾಲಿ ಜಾರುವುದು ಇದರಿಂದ. ಪಕ್ಕದ ಗೋಡೆಯ ಬಿಗಿಯೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಅಳತೆ ಸ್ವಲ್ಪ ಆಚೀಚೆ ಆದೀತು, ಆದರೆ ಹೆಚ್ಚುಕಮ್ಮಿಯ ಪ್ರಮಾಣ ಇದೇ.

ಈ ಲೆಕ್ಕದಿಂದ ಒಂದು ಉಪಯೋಗದ ಸೂತ್ರ ಸಿಗುತ್ತದೆ. ಈ ಬೈಕಿನಲ್ಲಿ ಸುಮಾರು 60 ಕೆ.ಜಿ.ಗೆ 12 ಪಿಎಸ್‌ಐ ಏರಿತು. ಅಂದರೆ ಹಿಂದೆ ಕೂರಿಸುವ ಪ್ರತಿ 10 ಕೆ.ಜಿ.ಗೆ 2 ಪಿಎಸ್‌ಐ. 20 ಕೆ.ಜಿ.ಯ ಮಗು ಸ್ಕೂಲ್ ಬ್ಯಾಗಿನ ಜೊತೆ ಕೂತರೆ 32 ಅಥವಾ 33. ತುಂಬಿದ ಗ್ಯಾಸ್ ಸಿಲಿಂಡರ್, ಅದರ ಕಬ್ಬಿಣವೂ ಸೇರಿ, 30 ಕೆ.ಜಿ. ಹತ್ತಿರ ಬರುತ್ತದೆ. ದಿನಾ ಅದನ್ನೇ ಸಾಗಿಸುವವರಿಗೆ 34. ಓಡಿಸುವವರೇ 95 ಕೆ.ಜಿ. ಇದ್ದರೆ ಒಬ್ಬರೇ ಇದ್ದಾಗಲೂ 28 ಸಾಲದು, 31 ಇಡಿ. ಅವರ ಭಾರ ಎರಡೂ ಗಾಲಿಗೆ ಹಂಚಿಹೋಗುವುದರಿಂದ ಮುಂದಿನದಕ್ಕೂ 1 ಏರಿಸಬಹುದು. ನಿಮ್ಮ ಬೈಕಿನ ಪಟ್ಟಿಯಲ್ಲಿ ಒಬ್ಬರಿಗೆ 32, ಇಬ್ಬರಿಗೆ 36 ಎಂದಿದ್ದರೆ ಪ್ರತಿ 10 ಕೆ.ಜಿ.ಗೆ ಮುಕ್ಕಾಲು ಪಿಎಸ್‌ಐ ಸಾಕು. ತೂಕದ ಬೈಕು, ಅಗಲದ ಟೈರ್ ಆದಷ್ಟೂ ಈ ಅಂತರ ಕಡಿಮೆಯಾಗುತ್ತದೆ.

ಹಾಲಿನ ಕ್ಯಾನ್ ಹೇರುವವರಿಗೆ ಒಂದು ಮಾತು ಹೇಳಲೇಬೇಕು. 40 ಲೀಟರಿನ ಎರಡು ಕ್ಯಾನ್ ಅಂದರೆ ಹಾಲೇ 80 ಕೆ.ಜಿ. ದಾಟುತ್ತದೆ, ಮೇಲೆ ಕ್ಯಾನಿನ ತೂಕ, ಅದನ್ನು ತೂಗಿಹಾಕಿದ ಕಬ್ಬಿಣದ ಚೌಕಟ್ಟಿನ ತೂಕ. 100 ಸಿಸಿ ಬೈಕುಗಳು ಓಡಿಸುವವರನ್ನೂ ಸೇರಿಸಿ ಹೊರಬಹುದಾದದ್ದು 130 ಕೆ.ಜಿ. ಆಸುಪಾಸು. ಅದಾಗಲೇ ಮೀರಿತು. ಅಲ್ಲಿ ಹಿಂದಿನ ಗಾಲಿಗೆ ಇಬ್ಬರ ಲೆಕ್ಕದ ಗಾಳಿ ಪೂರ್ತಿ ಇರಲೇಬೇಕು. ಟೈರಿನ ಮೇಲೆ ಬರೆದ ಗರಿಷ್ಠವನ್ನು ಮಾತ್ರ ದಾಟಬೇಡಿ. ಇನ್ನೂ ಭಾರ ಇದ್ದರೆ ಗಾಳಿಯಿಂದ ಅದಕ್ಕೆ ಪರಿಹಾರವಿಲ್ಲ, ಎರಡು ಸಲ ಹೋಗಿಬರುವುದೇ ಸರಿ.

ತಣ್ಣಗಿದ್ದಾಗ ಅಳೆಯಿರಿ

ಪಟ್ಟಿಯಲ್ಲಿರುವ ಅಂಕಿಗಳೆಲ್ಲ ತಣ್ಣಗಿರುವ ಟೈರಿನದು. ತಣ್ಣಗೆ ಎಂದರೆ ಗಾಡಿ ಮೂರು ಗಂಟೆಯಾದರೂ ನೆರಳಲ್ಲಿ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ, 30 ಪಿಎಸ್‌ಐ ಇದ್ದದ್ದು ಸುಮಾರು ಒಂದೂವರೆ ಏರುತ್ತದೆ. ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ ಬಂದರೆ 4ರಿಂದ 5 ಏರಿರುತ್ತದೆ. ಬೆಳಗಿನ ಹೊತ್ತು, ಮನೆಯಂಗಳದಲ್ಲಿ, ಗಾಡಿ ಸ್ಟಾರ್ಟ್ ಮಾಡುವ ಮೊದಲು ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಇದಕ್ಕೆ ನಿಮ್ಮದೇ ಗೇಜ್ ಬೇಕು. ಬೈಕಿಗೆ ಹಾಕಿಸುವ ಅಲಂಕಾರದ ಯಾವುದೇ ಸಾಮಾನಿಗಿಂತ ಮೊದಲು ಕೊಳ್ಳಬೇಕಾದದ್ದು ಇದು. ಮುಳ್ಳಿನ ಗೇಜ್ ಆದರೆ 60 ಪಿಎಸ್‌ಐವರೆಗಿನದು ಸಾಕು. 200ರ ಮೇಲೆ ಹೋಗುವ ಲಾರಿ ಗೇಜಿನಲ್ಲಿ 25ಕ್ಕೂ 28ಕ್ಕೂ ಮುಳ್ಳು ಅಲುಗಿದ್ದೇ ಕಾಣುವುದಿಲ್ಲ. ಮುಳ್ಳಿನ ಗೇಜ್ ನಡುಭಾಗದಲ್ಲಿ ಹೆಚ್ಚು ಸರಿಯಾಗಿ ತೋರಿಸುತ್ತದೆ, ತುದಿಗಳಲ್ಲಿ ತಪ್ಪುತ್ತದೆ. ಪೆನ್ನಿನಂಥದ್ದು ಅಗ್ಗ, ಆದರೆ ಧೂಳು ಕೂತರೆ ಕಡ್ಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಯಾವುದನ್ನೇ ಕೊಂಡರೂ ಒಂದೇ ಟೈರಿಗೆ ಗೆಳೆಯರ ಗೇಜನ್ನೂ ಇಟ್ಟು ಹೋಲಿಸಿ ನೋಡಿ. ಒಂದು ಪಿಎಸ್‌ಐ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಪ್ರತಿಸಲವೂ ಅದೇ ಗೇಜ್ ಬಳಸುವುದು ಮುಖ್ಯ.

ಅಳೆಯುವಾಗ ಗಾಲಿ ತಿರುಗಿಸಿ ವಾಲ್ವ್ ಮೂತಿಯನ್ನು ಕೈಗೆ ನಿಲುಕುವ ಕಡೆ ತನ್ನಿ. ಟೈರಿನೊಳಗೆ ಪಂಕ್ಚರ್ ದ್ರವ ಹಾಕಿಸಿದ್ದರೆ ಮೂತಿ ಮೇಲ್ಭಾಗದಲ್ಲೇ ಇರಲಿ. ಕೆಳಗಿದ್ದರೆ ದ್ರವ ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನಿಗೆ ನುಗ್ಗಿ ಅಂಟಿಕೊಳ್ಳುತ್ತದೆ, ಗೇಜೂ ಹಾಳು. ಗೇಜನ್ನು ನೇರವಾಗಿ ಒಂದೇ ಸಲಕ್ಕೆ ಒತ್ತಿ. 'ಸುಸ್' ಎಂಬ ಸದ್ದು ಅರೆ ಕ್ಷಣದಲ್ಲಿ ನಿಲ್ಲಬೇಕು. ನಿಲ್ಲದೆ ಸುಯ್ಯುತ್ತಲೇ ಇದ್ದರೆ ಗೇಜ್ ಓರೆಯಾಗಿ ಕೂತಿದೆ, ಅದು ತೋರಿಸುವ ಅಂಕಿ ಕಡಿಮೆ ಬರುತ್ತದೆ. ಸ್ಕೂಟರಿನ 10 ಇಂಚಿನ ಪುಟ್ಟ ಟೈರಿನಲ್ಲಿ ಇರುವ ಗಾಳಿಯೇ ಕಡಿಮೆ, ಹಾಗಾಗಿ ಹೀಗೆ ಎರಡು ಮೂರು ಸಲ ಸೋರಿಸಿದರೆ ಅಲ್ಲಿ ಗೊತ್ತಾಗುವಷ್ಟೇ ಇಳಿಯುತ್ತದೆ.

ಗೇಜ್ ತೆಗೆದ ಮೇಲೆ ಬೆರಳಿಗೆ ಸ್ವಲ್ಪ ಸೋಪಿನ ನೀರು ತಾಗಿಸಿ ವಾಲ್ವ್ ಬಾಯಿಯ ಮೇಲೆ ಸವರಿ, ಹತ್ತು ಸೆಕೆಂಡ್ ನೋಡುತ್ತಾ ನಿಲ್ಲಿ. ತೆಳ್ಳನೆ ಪೊರೆ ಹಾಗೇ ಸಮನಾಗಿ ನಿಂತರೆ ಪಿನ್ ಗಟ್ಟಿ. ನಿಧಾನಕ್ಕೆ ಗುಳ್ಳೆಯಾಗಿ ಉಬ್ಬಿದರೆ ಪಿನ್ ಸಡಿಲ ಅಥವಾ ಅದರ ರಬ್ಬರ್ ಸವೆದಿದೆ. ಪಿನ್ ಕೀಲಿಯಿಂದ ಮೆಲ್ಲಗೆ ತಿರುವಿ. ಜೋರಾಗಿ ಬಿಗಿದರೆ ರಬ್ಬರ್ ಕತ್ತರಿಸಿ ಸೋರಿಕೆ ಇನ್ನೂ ಹೆಚ್ಚುತ್ತದೆ. ಬಗ್ಗದಿದ್ದರೆ ಹೊಸ ಪಿನ್ ಹಾಕಿ.

ಮನೆಯಲ್ಲಿ ಪಂಪ್ ಇಲ್ಲ, ಬಂಕಿಗೇ ಹೋಗಬೇಕು ಎನ್ನುವವರಿಗೆ ಒಂದು ಉಪಾಯ. ಬೆಳಗ್ಗೆ ಮನೆಯಲ್ಲಿ ತಣ್ಣಗೆ ಅಳೆದಾಗ 24 ಇತ್ತು, ಬೇಕಾದದ್ದು 28. ಕೊರತೆ 4 ಎಂದು ನೆನಪಿಟ್ಟುಕೊಳ್ಳಿ. ಬಂಕ್ ತಲುಪುವಷ್ಟರಲ್ಲಿ ಟೈರ್ ಬೆಚ್ಚಗಾಗಿ ನಿಮ್ಮದೇ ಗೇಜ್ 26 ತೋರಿಸುತ್ತದೆ. ಅಲ್ಲಿ 26ರ ಮೇಲೆ 4 ಸೇರಿಸಿ 30 ಮಾಡಿ. ಮರುದಿನ ಬೆಳಗ್ಗೆ ನೋಡಿದರೆ 28 ಇರುತ್ತದೆ.

ಬಂಕಿನ ಡಿಜಿಟಲ್ ಯಂತ್ರದಲ್ಲಿ ಇದನ್ನು ತಿಳಿದೇ ಅಂಕಿ ಒತ್ತಬೇಕು, ಏಕೆಂದರೆ ಆ ಯಂತ್ರ ಗಾಳಿ ತುಂಬುವುದಷ್ಟೇ ಅಲ್ಲದೆ ಹೆಚ್ಚಿದ್ದರೆ ಇಳಿಸುತ್ತದೆ ಕೂಡ. ತುಮಕೂರಿನಿಂದ ಓಡಿಸಿಕೊಂಡು ಬಂದ ಬಿಸಿ ಟೈರಿನಲ್ಲಿ 32 ಇದೆ, ಯಂತ್ರದಲ್ಲಿ 28 ಒತ್ತಿದಿರಿ ಎಂದರೆ ಅದು 4 ಪಿಎಸ್‌ಐ ಹೊರಗೆ ಬಿಟ್ಟು 'ಟೀಂ' ಎಂದು ಸದ್ದು ಮಾಡುತ್ತದೆ. ಬೆಳಗ್ಗೆ ಎದ್ದರೆ ಟೈರಿನಲ್ಲಿ 24. ಬಿಸಿ ಟೈರಿನಿಂದ ಗಾಳಿ ಇಳಿಸಬಾರದು ಎನ್ನುವುದು ಇದಕ್ಕೇ. ಇನ್ನೊಂದು ಸಣ್ಣ ಸಂಗತಿ: ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂರುತ್ತದೆ. ಪೈಪನ್ನು ವಾಲ್ವಿಗೆ ಸಿಕ್ಕಿಸುವ ಮೊದಲು ಅದರ ಮೂತಿಯನ್ನು ಒಮ್ಮೆ ಒತ್ತಿ ಒಂದಿಷ್ಟು ಗಾಳಿ ಹೊರಗೆ ಬಿಡಿಸಿ. ಪೈಪಿನಲ್ಲಿದ್ದ ನೀರು, ಮಣ್ಣು ಟೈರಿನೊಳಗೆ ಹೋಗುವುದು ತಪ್ಪುತ್ತದೆ.

ಬೇಸಿಗೆಯ ಭಯ

"ಬೇಸಿಗೇಲಿ ಗಾಳಿ ಕಮ್ಮಿ ಇರಲಿ, ಇಲ್ಲಾಂದ್ರೆ ಟೈರ್ ಒಡೀತದೆ" ಎಂಬ ಮಾತು ಕಲಬುರಗಿ, ರಾಯಚೂರು ಕಡೆಯಷ್ಟೇ ಅಲ್ಲ, ಎಲ್ಲ ಕಡೆ ಇದೆ. ಒಳ್ಳೆಯ ಮನಸ್ಸಿನಿಂದ ಕೊಡುವ ಸಲಹೆಯೇ, ಆದರೆ ಅಪಾಯಕಾರಿ. ಲೆಕ್ಕ ಹೀಗಿದೆ. ಬೆಳಗ್ಗೆ 27 ಡಿಗ್ರಿ, ಮಧ್ಯಾಹ್ನ 42. ಈ 15 ಡಿಗ್ರಿಗೆ ಏರುವುದು 2 ಪಿಎಸ್‌ಐ ಚಿಲ್ಲರೆ. ಓಡಿಸಿದಾಗ ಇನ್ನೂ 4ರಿಂದ 5. ಬೆಳಗ್ಗೆ 28 ಇದ್ದದ್ದು ಮಧ್ಯಾಹ್ನ 35 ಆಯಿತು ಎಂದಿಟ್ಟುಕೊಳ್ಳಿ. ಟ್ಯೂಬ್‌ಲೆಸ್ ಟೈರನ್ನು ರಿಮ್ಮಿಗೆ ಕೂರಿಸುವಾಗ 'ಟಪ್' ಎಂದು ಸದ್ದಾಗುವವರೆಗೆ 40 ದಾಟಿಸಿ ಗಾಳಿ ಹೊಡೆಯುತ್ತಾರೆ, ಆಗ ಒಡೆಯದ ಟೈರ್ 35ಕ್ಕೆ ಒಡೆಯುವುದಿಲ್ಲ. ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಪಟ್ಟಿಯಲ್ಲಿ ತಣ್ಣಗಿನ ಅಂಕಿ ಕೊಟ್ಟಿರುತ್ತಾರೆ.

ಟೈರನ್ನು ನಿಜಕ್ಕೂ ಕೊಲ್ಲುವುದು ಕಮ್ಮಿ ಗಾಳಿ. 18 ಇಂಚಿನ ಗಾಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಸಲ ಸುತ್ತುತ್ತದೆ. ಪ್ರತಿ ಸುತ್ತಿಗೂ ಪಕ್ಕದ ಗೋಡೆ ಒಮ್ಮೆ ಮಡಚಿ ಒಮ್ಮೆ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಒಂದೇ ಕಡೆ ಆಚೀಚೆ ಬಗ್ಗಿಸುತ್ತಾ ಹೋದರೆ ಅದು ಬಿಸಿಯಾಗುತ್ತದಲ್ಲ, ಹಾಗೆ. ಗಾಳಿ ಕಮ್ಮಿ ಇದ್ದಷ್ಟೂ ಮಡಿಕೆ ಆಳ, ಆಳವಾದಷ್ಟೂ ಬಿಸಿ. ಬಿಸಿಗೆ ರಬ್ಬರಿಗೂ ಒಳಗಿನ ದಾರದ ಪದರಕ್ಕೂ ಇರುವ ಅಂಟು ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಗುಬುಟು ಎದ್ದರೆ ಅದು ಒಳಗಿನ ದಾರ ಕಡಿದ ಗುರುತು. ಗುಂಡಿಗೆ ಬಿದ್ದ ಏಟಿನಿಂದಲೂ ಹೀಗಾಗುತ್ತದೆ. ಆ ಟೈರನ್ನು ಆವತ್ತೇ ಬದಲಿಸಿ. ಬಿರುಬಿಸಿಲಲ್ಲಿ, ಇಬ್ಬರು ಕೂತು, ಒಬ್ಬರ ಲೆಕ್ಕದ ಗಾಳಿಯಲ್ಲಿ ಗಂಟೆಗಟ್ಟಲೆ ಹೈವೇ ಓಡಿಸುವುದಕ್ಕಿಂತ ಕೆಟ್ಟದ್ದು ಟೈರಿಗೆ ಇಲ್ಲ.

ಗಾಳಿ ಸರಿಯಿದೆಯೇ ಎಂದು ಪರೀಕ್ಷಿಸಲು ಇದೇ ಬಿಸಿಯನ್ನು ಬಳಸಬಹುದು. ತಣ್ಣಗೆ ಅಳೆದು ಬರೆದಿಟ್ಟುಕೊಳ್ಳಿ. ಒಂದೇ ಸಮ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ತಕ್ಷಣ ಅಳೆಯಿರಿ. 4ರ ಆಸುಪಾಸು ಏರಿದ್ದರೆ ಸರಿ. 7–8 ಏರಿದ್ದರೆ ಟೈರ್ ಅತಿಯಾಗಿ ಮಡಚುತ್ತಿದೆ, 2 ಹೆಚ್ಚಿಸಿ. 1–2 ಮಾತ್ರ ಏರಿದ್ದರೆ ಕಲ್ಲಿನಂತಿದೆ, ತಣ್ಣಗಾದ ಮೇಲೆ 2 ಇಳಿಸಿ. ಬಿಸಿಲಿಗೆ ಕಾದ ಡಾಂಬರು ಈ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತದೆ, ಆದ್ದರಿಂದ ಬೆಳಗಿನ ಸವಾರಿಯಲ್ಲೇ ಮಾಡಿ. ಪಟ್ಟಿಯ ಅಂಕಿಯಿಂದ 2ಕ್ಕಿಂತ ದೂರ ಹೋಗಬೇಕೆನಿಸಿದರೆ ಮೊದಲು ಗೇಜನ್ನು ಅನುಮಾನಿಸಿ.

ಮಳೆ, ಕೆಸರು, ಘಾಟಿ

ಮಳೆಗಾಲಕ್ಕೆ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುವವರಿದ್ದಾರೆ. ಒದ್ದೆ ಡಾಂಬರಿನಲ್ಲಿ ಇದು ತಲೆಕೆಳಗು. ಟೈರಿನ ಗೆರೆಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಗಾಳಿ ಕಮ್ಮಿಯಾದರೆ ನಡುಭಾಗ ಒಳಕ್ಕೆ ಕುಸಿದು ಗೆರೆಗಳು ಮುಚ್ಚಿಕೊಳ್ಳುತ್ತವೆ, ನೀರನ್ನು ಸೀಳುವ ಒತ್ತಡವೂ ತಗ್ಗುತ್ತದೆ. ಶಿರಾಡಿ ಘಾಟಿಯಲ್ಲಾಗಲಿ ಕರಾವಳಿಯ ಹೈವೇಯಲ್ಲಾಗಲಿ ಮಳೆಯಲ್ಲಿ ಹೋಗುವಾಗ ಪಟ್ಟಿಯ ಅಂಕಿಯೇ ಇರಲಿ. ಇಳಿಸಬೇಕಾದದ್ದು ವೇಗ.

ಕೆಸರಿನ ತೋಟದ ದಾರಿ, ಮರಳು, ಸಡಿಲ ಜಲ್ಲಿ ಬೇರೆ ವಿಷಯ. ಅಲ್ಲಿ ಟೈರ್ ಹರಡಿಕೊಂಡಷ್ಟೂ ಒಳ್ಳೆಯದು. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದಾರಿಗೆ 4–5 ಪಿಎಸ್‌ಐ ಇಳಿಸಿದರೆ ಗಾಡಿ ಎಷ್ಟೋ ನೆಮ್ಮದಿಯಾಗಿ ಹೋಗುತ್ತದೆ. ಟ್ಯೂಬ್ ಇರುವ ಟೈರಾದರೆ 20ಕ್ಕಿಂತ ಕೆಳಗೆ ಹೋಗದಿರುವುದು ಕ್ಷೇಮ. ಡಾಂಬರಿಗೆ ಮರಳಿದ ಕೂಡಲೇ ತುಂಬಿಸಲು ಕಾಲಿನ ಪಂಪೋ ಬ್ಯಾಟರಿ ಪಂಪೋ ಜೊತೆಯಲ್ಲಿ ಇದ್ದರಷ್ಟೇ ಇಳಿಸಿ. ನಿಮ್ಮ ಪಂಪಿನ ಎಷ್ಟು ತುಳಿತಕ್ಕೆ 1 ಪಿಎಸ್‌ಐ ಏರುತ್ತದೆಂದು ಮನೆಯಲ್ಲೇ ಒಮ್ಮೆ ಎಣಿಸಿಟ್ಟುಕೊಂಡರೆ ಕತ್ತಲಲ್ಲಿ ಗೇಜ್ ಇಲ್ಲದೆಯೂ ಅಂದಾಜು ಸಿಗುತ್ತದೆ.

ಟ್ಯೂಬ್ ಟೈರಿಗೆ ಕಮ್ಮಿ ಗಾಳಿ ಏಕೆ ಆಗದು? ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಚೂರು ಚೂರೇ ಜರುಗುತ್ತದೆ. ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ, ಆದರೆ ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದೆ. ಕೊನೆಗೆ ಬುಡದಲ್ಲೇ ಹರಿಯುತ್ತದೆ. ಅದಕ್ಕೆ ತೇಪೆ ಹಾಕಲಾಗದು, ಟ್ಯೂಬನ್ನೇ ಬದಲಿಸಬೇಕು. ನಿಮ್ಮ ವಾಲ್ವ್ ರಿಮ್ಮಿಗೆ ನೆಟ್ಟಗೆ ನಿಂತಿದೆಯೇ, ವಾಲಿದೆಯೇ ನೋಡಿ. ವಾಲಿದ್ದರೆ ಟೈರ್ ಈಗಾಗಲೇ ಜರುಗಿದೆ. ರಿಮ್ಮಿನಿಂದ ಟೈರಿನವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಎರಡು ದಿನ ಓಡಿಸಿದರೆ ಇನ್ನೂ ಜರುಗುತ್ತಿದೆಯೇ ಎಂದು ಗೊತ್ತಾಗುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಾಗಿ ಕೂರಿಸದೆ ಚೂರು ಸಡಿಲ ಬಿಡುವುದು ಲೇಸು. ಇನ್ನೊಂದು, ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಜಜ್ಜಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ತೆಗೆದಾಗ ಮೊಳೆ ಸಿಗದೆ ಜೋಡಿ ತೂತು ಕಂಡರೆ ಕಾರಣ ಕಮ್ಮಿ ಗಾಳಿ ಎಂದೇ ತಿಳಿಯಿರಿ.

ಎತ್ತರದ ಊರಿಗೆ ಹೋಗುವಾಗ ಗಾಳಿ ಬಿಡಬೇಕೇ? ಮಂಗಳೂರಿನ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಹೊರಗಿನ ವಾತಾವರಣದ ಒತ್ತಡ ತಗ್ಗಿ ಗೇಜ್ ಒಂದೂವರೆ ಹೆಚ್ಚು ತೋರಿಸುತ್ತದೆ, ಇಲ್ಲಿನ ತಂಪು ಅದರಲ್ಲಿ ಒಂದಿಷ್ಟನ್ನು ತಿಂದುಹಾಕುತ್ತದೆ. ಏನೂ ಮಾಡಬೇಕಿಲ್ಲ. ಲಡಾಖಿಗೆ ಹೋಗುವವರು ಮಾತ್ರ ಒಂದು ತಿಳಿದಿರಲಿ. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗೇಜ್ ನೋಡಿ ಪಟ್ಟಿಯಷ್ಟಕ್ಕೇ ಹೊಂದಿಸಿಕೊಂಡು ಬಯಲಿಗೆ ಇಳಿದರೆ, ಹೊರಗಿನ ಒತ್ತಡ ಏರಿ, ಅದೇ ಟೈರ್ 5 ಪಿಎಸ್‌ಐ ಹತ್ತಿರ ಕಮ್ಮಿ ತೋರಿಸುತ್ತದೆ. ಕೆಳಗಿನ ಸೆಕೆ ಅದರಲ್ಲಿ ಒಂದಿಷ್ಟನ್ನು ತುಂಬಿಕೊಟ್ಟೀತು, ಪೂರ್ತಿ ಅಲ್ಲ. ಇಳಿದ ಮರುದಿನ ಬೆಳಗ್ಗೆ ಮತ್ತೆ ಅಳೆಯಿರಿ.

ಗಾಡಿಯೇ ಹೇಳುತ್ತದೆ

ಮುಂದಿನ ಗಾಲಿಯಲ್ಲಿ ಗಾಳಿ ಕಮ್ಮಿಯಾದರೆ ನಿಧಾನ ಹೋಗುವಾಗ ಹ್ಯಾಂಡಲ್ ಭಾರ ಎನಿಸುತ್ತದೆ, ತಿರುವಿನಲ್ಲಿ ತಾನಾಗಿ ಒಳಕ್ಕೆ ಬೀಳುತ್ತದೆ. ಹಿಂದಿನದರಲ್ಲಿ ಕಮ್ಮಿಯಾದರೆ ವೇಗದಲ್ಲಿ ಹಿಂಭಾಗ ಮೀನಿನ ಬಾಲದಂತೆ ಮೆಲ್ಲಗೆ ಅಲ್ಲಾಡುತ್ತದೆ, ತಳ್ಳುವಾಗ ಗಾಡಿ ಜಗ್ಗಿದಂತಾಗುತ್ತದೆ, ಮೈಲೇಜ್ ಬೀಳುತ್ತದೆ. ಹೆಚ್ಚಾದರೆ ರಸ್ತೆಯ ಸಣ್ಣ ಉಬ್ಬಿಗೂ ಗಾಲಿ ಪುಟಿಯುತ್ತದೆ, ಸೊಂಟಕ್ಕೆ ಏಟು ಬೀಳುತ್ತದೆ.

ಸವೆತ ನೋಡಿ ತೀರ್ಮಾನಿಸುವಾಗ ಎಚ್ಚರ. "ನಡುವೆ ಸವೆದರೆ ಗಾಳಿ ಹೆಚ್ಚು, ಅಂಚಲ್ಲಿ ಸವೆದರೆ ಕಮ್ಮಿ" ಎಂಬುದು ಕಾರಿನ ಸೂತ್ರ. ಬೈಕ್ ಟೈರ್ ದುಂಡಗಿರುವುದರಿಂದ ನೇರ ರಸ್ತೆಯಲ್ಲೇ ಓಡಿಸುವವರ ಹಿಂದಿನ ಟೈರ್ ಗಾಳಿ ಸರಿಯಿದ್ದರೂ ನಡುವೆಯೇ ಸವೆಯುತ್ತದೆ. ಮುಂದಿನ ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಬಹುಕಾಲ ಕಮ್ಮಿ ಗಾಳಿಯಲ್ಲಿ ಬ್ರೇಕ್ ಹಾಕುತ್ತಾ ಓಡಿಸಿರುವ ಸಾಧ್ಯತೆ ಹೆಚ್ಚು.

ಪಂಕ್ಚರ್ ಇಲ್ಲದ ಒಳ್ಳೆಯ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ರಬ್ಬರಿನ ಮೂಲಕವೇ ಇಳಿಯುತ್ತದೆ. ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ವಾರಕ್ಕೇ 3–4 ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಟ್ಯೂಬ್‌ಲೆಸ್ಸಿನಲ್ಲಿ ಹುಡುಕಬೇಕಾದ ಜಾಗಗಳು: ಹಳೆಯ ಪಂಕ್ಚರಿಗೆ ತುರುಕಿದ ರಬ್ಬರ್ ಬತ್ತಿ, ವಾಲ್ವಿನ ರಬ್ಬರ್ ಬುಡ (ಬೆರಳಿನಿಂದ ಬಗ್ಗಿಸಿ ಸೋಪಿನ ನೀರು ಬಿಡಿ, ಬಿರುಕಿದ್ದರೆ ಬಗ್ಗಿಸಿದಾಗ ಮಾತ್ರ ಗುಳ್ಳೆ ಬರುತ್ತದೆ), ಕೊನೆಗೆ ರಿಮ್ಮಿನ ಅಂಚು. ಗುಂಡಿಗೆ ಬಿದ್ದು ಅಲಾಯ್ ಅಂಚು ಬಾಗಿದ್ದರೆ ಅಲ್ಲಿಂದ ನೊರೆಯಂತೆ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಹೊಸ ಟೈರ್ ಹಾಕಿಸಿದಾಗ ಪಕ್ಕದಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ತೆಳು ಗೆರೆ ಇರುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿದೆಯೇ ನೋಡಿ. ಒಂದು ಕಡೆ ಒಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಕೂರಿಸಲು ಏರಿಸಿದ ಗಾಳಿಯನ್ನು ಇಳಿಸದೆ ಹಾಗೇ ಕಳಿಸುವುದು ಅಂಗಡಿಗಳಲ್ಲಿ ಸಾಮಾನ್ಯ, ಅಲ್ಲೇ ನಿಮ್ಮ ಗೇಜ್ ಇಟ್ಟು ನೋಡಿ.

ನೈಟ್ರೋಜನ್ ಬಗ್ಗೆ ತುಂಬಾ ಪ್ರಶ್ನೆ ಬರುತ್ತವೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ. ಬಿಸಿಯಾದಾಗ ಅದೂ ಒಣಗಾಳಿಯಷ್ಟೇ ಏರುತ್ತದೆ. ತೇವ ಇರುವುದಿಲ್ಲ, ಸೋರುವುದು ಸ್ವಲ್ಪ ನಿಧಾನ, ಅಷ್ಟೇ ಲಾಭ. ಹಣ ಕೊಟ್ಟು ಹಾಕಿಸುವ ಅಗತ್ಯ ದಿನನಿತ್ಯದ ಬೈಕಿಗಿಲ್ಲ; ಹಾಕಿಸಿದ್ದರೆ ಅದರ ಮೇಲೆ ಮಾಮೂಲಿ ಗಾಳಿ ಸೇರಿಸಿದರೂ ಏನೂ ಆಗುವುದಿಲ್ಲ.

ವಾಲ್ವಿನ ಮುಚ್ಚಳ ಕಳೆದಿದ್ದರೆ ಹೊಸದು ಹಾಕಿ. ಅದು ಧೂಳು ತಡೆಯುತ್ತದೆ, ಒಳಗೆ ರಬ್ಬರ್ ಉಂಗುರ ಇರುವಂಥದ್ದಾದರೆ ಪಿನ್ ಸೋರಿದಾಗ ಗಾಳಿಯನ್ನೂ ಹಿಡಿದಿಡುತ್ತದೆ. ಲೋಹದ ಮುಚ್ಚಳ ಚೆಂದ ಕಂಡರೂ ಮಳೆನೀರಿಗೆ ವಾಲ್ವಿಗೇ ಕಚ್ಚಿಕೊಂಡು, ತಿರುಚಿದರೆ ವಾಲ್ವನ್ನೇ ಮುರಿಯುತ್ತದೆ. ಪ್ಲಾಸ್ಟಿಕ್ಕಿನದೇ ಒಳ್ಳೆಯದು. ಸೀಟಿನಡಿಯ ಸಣ್ಣ ಜಾಗದಲ್ಲಿ ಅಂಥ ಎರಡು ಮುಚ್ಚಳ, ಎರಡು ಪಿನ್, ಪಿನ್ ಕೀಲಿ, ಮತ್ತು ಗೇಜನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ.